ಪೆಂಟಿಯಮ್ 4 ಇನ್ನೂ ಓಡ್ತಾ ಇದೆ. ಯಾವ ಸಾಫ್ಟ್‌ವೇರ್ ಹಾಕಲಿ?

ಗಂಜ್ ಹುಡುಗ
ಎಲ್ಲರಿಗೂ ಶರಣು. ಕಲಬುರಗಿ ನೆಹರು ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ಅಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಮೂಲೆಗೆ ಬಿದ್ದಿದೆ. ಪೆಂಟಿಯಮ್ 4, 2.4 ಗಿಗಾಹರ್ಟ್ಸ್, ಇಂಟೆಲ್ 845 ಚಿಪ್‌ಸೆಟ್, 512 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, ದಪ್ಪ ಮಾನಿಟರ್. ಜೊತೆಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ವಿಂಡೋಸ್ ಎಕ್ಸ್‌ಪಿ ಇನ್ನೂ ಬೂಟ್ ಆಗುತ್ತದೆ. ತಾರೀಖು ಮಾತ್ರ ಪ್ರತಿ ಸಲ 2002ಕ್ಕೆ ಹೋಗಿ ಕೂರುತ್ತದೆ.

ಒಳಗೆ ಟ್ಯಾಲಿ 7.2ರ ಹಳೇ ಲೆಕ್ಕ ಇದೆ. ಕಾಕು (ಚಿಕ್ಕಮ್ಮ) ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ ವಚನ, ರಾಶಿ ಮಾಡುವಾಗ ಹಾಡುವ ಹಂತಿ ಪದಗಳ ಫೈಲುಗಳೂ ಇವೆ. ರದ್ದಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ, ನನಗೆ ಕೊಡಲು ಮನಸ್ಸಿಲ್ಲ. ಅಂಗಡಿಯಲ್ಲಿ ಲೆಕ್ಕಪಟ್ಟಿ ಪ್ರಿಂಟ್ ತೆಗೆಯಲು, ಕಾಕುಗೆ ಟೈಪ್ ಮಾಡಲು, ಆರನೇ ಕ್ಲಾಸಿನ ತಮ್ಮನಿಗೆ ಏನಾದರೂ ಕಲಿಯಲು ಬಂದರೆ ಸಾಕು. ಗೆಳೆಯ ವಿಂಡೋಸ್ 10 ಹಾಕು ಅಂತಾನೆ. ಹಾಕಬಹುದಾ?

ಸೇಡಂ ರೋಡ್
512 ಎಂಬಿ ಅಂತ ಕೇಳಿದ ಮೇಲೂ ವಿಂಡೋಸ್ 10 ಅಂದನಾ? ಮೊದಲು ಗೆಳೆಯನನ್ನು ಬದಲಾಯಿಸಿ 😄

ಪಿಡಿಎ ಹಳೇ ಬ್ಯಾಚ್
ರ‍್ಯಾಮ್ ಹಾಕಿದರೂ ಆಗಲ್ಲ. ವಿಂಡೋಸ್ 8ರಿಂದ ಈಚೆಗೆ ಪ್ರೊಸೆಸರ್‌ನಲ್ಲಿ ಎನ್‌ಎಕ್ಸ್ ಅನ್ನುವ ರಕ್ಷಣಾ ಸೌಲಭ್ಯ ಇರಲೇಬೇಕು. 845 ಬೋರ್ಡಿನ ಕಾಲದ 2.4ರ ಪೆಂಟಿಯಮ್ 4ರಲ್ಲಿ ಅದು ಇಲ್ಲ. ಸೆಟಪ್ ಶುರುವಿನಲ್ಲೇ ನಿಲ್ಲುತ್ತದೆ. ವಿಂಡೋಸ್ 7 ಬೇಕಾದರೆ 1 ಜಿಬಿ ಮಾಡಿಕೊಂಡು ಹಾಕಬಹುದು, ಆದರೆ ಒಳಗಿನ ಗ್ರಾಫಿಕ್ಸಿಗೆ ಸರಿಯಾದ ಡ್ರೈವರ್ ಇಲ್ಲ. ಕಿಟಕಿ ಎಳೆದರೆ ತೆವಳುತ್ತಾ ಬರುತ್ತದೆ. ಯಾಕೆ ಬೇಕು ಆ ಕಷ್ಟ?

ಬೀದರ್ ಪೆಂಗ್ವಿನ್
ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಇಷ್ಟು ವರ್ಷ ಆದ ಮೇಲೂ ಅದನ್ನೇ ಹಿಡಿದುಕೊಂಡು ಕೂರಬೇಡಿ. ಲಿನಕ್ಸ್ ಹಾಕಿ, ವಿಂಡೋಸ್ ಜಾಗಕ್ಕೆ ಬರುವ ಉಚಿತ ಆಪರೇಟಿಂಗ್ ಸಿಸ್ಟಂ ಅದು.

ಯಾವುದೋ ಒಂದು ಲಿನಕ್ಸ್ ಅಲ್ಲ. ನಿಮ್ಮ ಪ್ರೊಸೆಸರ್ ಹಳೇ 32 ಬಿಟ್ ಬಗೆಯದು. ಉಬುಂಟು 32 ಬಿಟ್ ಬಿಟ್ಟು ಎಷ್ಟೋ ಕಾಲ ಆಯ್ತು. ಡೆಬಿಯನ್ ಕೂಡ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ಕೊಡುತ್ತಿಲ್ಲ. ಮುಖ್ಯವಾಗಿ ಉಳಿದಿರೋದು ಡೆಬಿಯನ್ 12 ಮತ್ತು ಅದರ ಮೇಲೆ ಕಟ್ಟಿದವು. ನನ್ನ ಆಯ್ಕೆ ಆ್ಯಂಟಿಎಕ್ಸ್ 23. 32 ಬಿಟ್ ಇದೆ, ಹಗುರ, 512ರಲ್ಲೂ ಡೆಸ್ಕ್‌ಟಾಪ್ ಆರಾಮಾಗಿ ಬರುತ್ತದೆ. ಪಪ್ಪಿ ಲಿನಕ್ಸ್ ಕೂಡ ನೋಡಬಹುದು.

ಆ ಕಾಲದ ಬೋರ್ಡುಗಳು ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹಟ ಮಾಡುತ್ತವೆ. ಪ್ಲಾಪ್ ಬೂಟ್ ಮ್ಯಾನೇಜರ್ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಇದೆ. ಅದನ್ನು ಸಿಡಿಗೆ ಬರೆದು ಬೂಟ್ ಮಾಡಿದರೆ ಅಲ್ಲಿಂದ ಪೆನ್‌ಡ್ರೈವ್ ಆಯ್ಕೆ ಮಾಡಬಹುದು.

ಕನ್ನಡಕ್ಕೂ ತೊಂದರೆ ಇಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಅಂತಲೇ ವಿನ್ಯಾಸ ಇದೆ. ನಿಮ್ಮ ಕಾಕು ನುಡಿಯಲ್ಲಿ ಕುಟ್ಟುತ್ತಿದ್ದ ಅದೇ ಕೆ. ಪಿ. ರಾವ್ ಅವರ ವಿನ್ಯಾಸ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ.

ಸೂಪರ್‌ಮಾರ್ಕೆಟ್ ಡಿಟಿಪಿ
ತಮ್ಮಾ ಗಂಜ್ ಹುಡುಗ, ಈ ಪೆಂಗ್ವಿನ್ ಸಾಹೇಬರ ಮಾತು ಕೇಳಿ ಇವತ್ತೇ ಫಾರ್ಮ್ಯಾಟ್ ಹೊಡೆಯಬೇಡ. ಒಳಗಿನ ಫೈಲುಗಳನ್ನು ಮೊದಲು ಹೊರಗೆ ತೆಗೆ. ಸಾಫ್ಟ್‌ವೇರ್ ಮಾತು ಆಮೇಲೆ.

ನಾನು ಪೇಜ್‌ಮೇಕರ್ (ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್) ಕಾಲದಿಂದ ಲಗ್ನಪತ್ರಿಕೆ, ಜಾತ್ರೆ ಪಾಂಪ್ಲೆಟ್ ಮಾಡಿಕೊಂಡು ಬಂದವನು. ಹಳೇ ನುಡಿ ಫೈಲಿನ ಕಥೆ ಹೇಳುತ್ತೇನೆ. ಅದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಫೋನಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಕ ಅಕ್ಷರದ ಮೈ ಒಂದು ಕಡೆ, ತಲಕಟ್ಟು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದ ಹಾಗೆ ಕಾಣುತ್ತದೆ. ಜನ ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡುತ್ತಾರೆ. ಕೆಟ್ಟಿರಲ್ಲ.

ಹಾಗಾಗಿ ಫೈಲ್ ಜೊತೆ ಫಾಂಟುಗಳನ್ನೂ ಕಾಪಿ ಮಾಡಿಕೊ. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಫೋಲ್ಡರ್ ಇದೆ. ನುಡಿ ಅಂತ ಹೆಸರಿರುವುದನ್ನೆಲ್ಲ ಎತ್ತಿಕೊ. ಶ್ರೀಲಿಪಿ ಫಾಂಟ್ ಇದ್ದರೆ ಅದನ್ನೂ. ಶ್ರೀಲಿಪಿಯ ಸಂಕೇತವೇ ಬೇರೆ, ನುಡಿ ಪರಿವರ್ತಕಕ್ಕೆ ಅದನ್ನು ತಿನ್ನಿಸಿದರೆ ಗೊಜ್ಜು.

ಗಂಜ್ ಹುಡುಗ
ಕಾಪಿ ಹೇಗೆ ಮಾಡೋದು ಅಣ್ಣ? ನನ್ನ 64 ಜಿಬಿ ಪೆನ್‌ಡ್ರೈವ್ ಹಚ್ಚಿದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತಿದೆ.

ಪಿಡಿಎ ಹಳೇ ಬ್ಯಾಚ್
ನಿಮ್ಮದು ಹೊಸ ಫಾರ್ಮ್ಯಾಟಿನ, ಅಂದರೆ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಇರಬೇಕು. ಎಕ್ಸ್‌ಪಿಗೆ ಪ್ರತ್ಯೇಕ ಅಪ್‌ಡೇಟ್ ಇಲ್ಲದೆ ಅದು ಓದಲು ಬರಲ್ಲ. 8 ಅಥವಾ 16 ಜಿಬಿಯ ಚಿಕ್ಕದೊಂದನ್ನು ಫ್ಯಾಟ್32 ಮಾಡಿ ಬಳಸಿ. ಹಚ್ಚುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಆಟೋರನ್ ಓಡಲ್ಲ. ಆ ಕಾಲದ ಪೆನ್‌ಡ್ರೈವ್ ವೈರಸ್ಸುಗಳೆಲ್ಲ ಆ ದಾರಿಯಲ್ಲೇ ಬರುತ್ತಿದ್ದವು, ಹೋಗುತ್ತಿದ್ದವು.

ಇನ್ನೂ ಒಳ್ಳೇದು ಅಂದರೆ ಹಾರ್ಡ್‌ಡಿಸ್ಕ್ ಬಿಚ್ಚಿ, ಐಡಿಇಯಿಂದ (ಹಳೇ ಡಿಸ್ಕಿನ ಅಗಲ ಪಟ್ಟಿ ಕೇಬಲ್) ಯುಎಸ್‌ಬಿಗೆ ಹಾಕುವ ಅಡಾಪ್ಟರ್ ತಂದು ಲ್ಯಾಪ್‌ಟಾಪಿಗೆ ಹಚ್ಚಿ ಪೂರ್ತಿ ಡಿಸ್ಕಿನ ಇಮೇಜ್ (ಇದ್ದ ಹಾಗೇ ಒಂದು ಪ್ರತಿ) ತೆಗೆಯೋದು. ಹಿಂದಿನ ಜಂಪರ್ ಮಾಸ್ಟರ್ ಜಾಗದಲ್ಲಿ ಇದೆಯಾ ನೋಡಿ. 40 ಜಿಬಿ ತಾನೇ, ಇಡಲು ಜಾಗದ ಚಿಂತೆ ಇಲ್ಲ.

ಯಾದಗಿರಿ ಅಕೌಂಟೆಂಟ್
ಟ್ಯಾಲಿ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ಟ್ಯಾಲಿ ಫೋಲ್ಡರ್ ಒಳಗೆ ಡೇಟಾ, ಅದರ ಒಳಗೆ ಅಂಕಿ ಹೆಸರಿನ ಫೋಲ್ಡರುಗಳು ಇರುತ್ತವೆ. ಒಂದೊಂದು ಕಂಪನಿಗೆ ಒಂದೊಂದು. ಅಂಕಿ ಬದಲಾಯಿಸದೆ ಹಾಗೇ ಎತ್ತಿಕೊಳ್ಳಿ.

7.2 ಬಂದಿದ್ದು ವ್ಯಾಟ್ ಕಾಲಕ್ಕೆ. ಕರ್ನಾಟಕದಲ್ಲಿ ವ್ಯಾಟ್ ಶುರುವಾಗಿದ್ದು 2005ರ ಏಪ್ರಿಲ್ 1. ಜಿಎಸ್‌ಟಿ 2017ರ ಜುಲೈ 1. ಅಂದರೆ ಈಗಿನ ವ್ಯವಹಾರಕ್ಕೆ 7.2 ಬರಲ್ಲ, ಅದರಲ್ಲಿ ಬಿಲ್ ಮಾಡುವ ಆಸೆ ಬಿಡಿ. ಹಳೇ ಖಾತೆ ನೋಡಲು, ಯಾರ ಬಾಕಿ ಎಷ್ಟಿತ್ತು ಅಂತ ತೆಗೆಯಲು ಮಾತ್ರ ಇಟ್ಟುಕೊಳ್ಳಿ. ಹೊಸ ಟ್ಯಾಲಿಗೆ ತರಬೇಕು ಅಂದರೆ 7.2ರಿಂದ ಇಆರ್‌ಪಿ 9ಕ್ಕೆ ಮೈಗ್ರೇಶನ್ ಟೂಲ್ ಇದೆ, ಅಲ್ಲಿಂದ ಟ್ಯಾಲಿ ಪ್ರೈಮ್. ನೇರ ಜಿಗಿತ ಬೇಡ. ಪ್ರತಿ ಹಂತದಲ್ಲೂ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿ ಮುಂದೆ ಹೋಗಿ.

ಗಂಜ್ ಹುಡುಗ
ಕಾಕಾಗೆ ಬೇಕಾಗಿರೋದು ಹಳೇ ಬಾಕಿಯೇ 😀 ಒಬ್ಬರು ಇನ್ನೂ ಕೊಟ್ಟಿಲ್ಲ ಅಂತ ಹಟ.

ಸೇಡಂ ರೋಡ್
ಕಾಕಾಗೆ ಹೇಳಿ, ಟ್ಯಾಲಿ ತೋರಿಸಿದರೂ ಆ ಮನುಷ್ಯ ಕೊಡಲ್ಲ.

ಶಹಾಪುರ ಹುಡುಗಿ
ಎಲ್ಲರೂ ಡಬ್ಬಿ ಇಟ್ಟುಕೊಳ್ಳೋಕೆ ಹೇಳ್ತಾ ಇದ್ದೀರಿ. ಡಿಸ್ಕ್2ವಿಎಚ್‌ಡಿಯಿಂದ ಆ ಎಕ್ಸ್‌ಪಿಯನ್ನೇ ಪೂರ್ತಿ ಎತ್ತಿ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಒಳಗೆ ಓಡಿಸಿದರೆ ಆಯ್ತಲ್ಲ? ಟ್ಯಾಲಿ, ನುಡಿ ಎಲ್ಲ ಅದರೊಳಗೇ ಬರುತ್ತೆ. ಕರೆಂಟೂ ಉಳಿತಾಯ. ಆ ಪೆಂಟಿಯಮ್ 4 ಪ್ರೊಸೆಸರ್ ಒಂದೇ 60 ವ್ಯಾಟ್ ಹತ್ತಿರ ತಿನ್ನುತ್ತೆ.

ಸೂಪರ್‌ಮಾರ್ಕೆಟ್ ಡಿಟಿಪಿ
ಅಕ್ಕಾರೆ, ಪ್ರಿಂಟರ್ ಎಲ್ಲಿ ಹಚ್ಚಬೇಕು? ಈಗಿನ ಲ್ಯಾಪ್‌ಟಾಪಿನಲ್ಲಿ ಪ್ಯಾರಲಲ್ ಪೋರ್ಟ್, ಆ ಹಳೇ ಅಗಲ ಪ್ರಿಂಟರ್ ಕಿಂಡಿ, ಎಲ್ಲಿದೆ?

ಶಹಾಪುರ ಹುಡುಗಿ
ಯುಎಸ್‌ಬಿ ಕೇಬಲ್ ಸಿಗುತ್ತೆ.

ಸೂಪರ್‌ಮಾರ್ಕೆಟ್ ಡಿಟಿಪಿ
ಸಿಗುತ್ತೆ. ವಿಂಡೋಸ್ ಒಳಗಿಂದ ಪ್ರಿಂಟ್ ಬರುತ್ತೆ ಕೂಡ. ಆದರೆ ಹಳೇ ಡಾಸ್ ಪ್ರೋಗ್ರಾಂ ಎಲ್‌ಪಿಟಿ1 ಅನ್ನುವ ಪ್ಯಾರಲಲ್ ಪೋರ್ಟನ್ನೇ ಹುಡುಕುತ್ತದೆ, ಆ ಕೇಬಲ್ ಎಲ್‌ಪಿಟಿ1 ಆಗಲ್ಲ. ನೆಟ್‌ವರ್ಕ್ ಪ್ರಿಂಟರ್ ಮಾಡಿ, ಪೋರ್ಟ್ ಹೊರಳಿಸಿ, ಅಷ್ಟೆಲ್ಲ ಆಟ ಆಡಬೇಕು. ಈ ಹುಡುಗನ ಡಬ್ಬಿಯಲ್ಲಿ ಅದು ಹುಟ್ಟಿನಿಂದಲೇ ಇದೆ. ನನ್ನ ಕೇಳಿದರೆ ಈ ಕಂಪ್ಯೂಟರಿನ ನಿಜವಾದ ಬೆಲೆ ಆ ಪೋರ್ಟೇ.

ಡಾಸ್ ಕಾಕಾ
ಈಗ ಸರಿಯಾದ ಮಾತು ಬಂತು. ಫ್ರೀಡಾಸ್ ಹಾಕಿ, ಹಳೇ ಡಾಸ್‌ನ ಉಚಿತ ರೂಪ. 2025ರಲ್ಲಿ 1.4 ಬಂದಿದೆ. ಒಂದು ಫೈಲನ್ನು ಪ್ರಿಂಟರಿಗೆ ಕಳಿಸಲು ಒಂದೇ ಸಾಲಿನ ಕಾಪಿ ಆಜ್ಞೆ ಸಾಕು. ಟರ್ ಅಂತ ಬರುತ್ತದೆ ನೋಡಿ! ವರ್ಡ್‌ಸ್ಟಾರ್, ಫಾಕ್ಸ್‌ಪ್ರೊ, ಲೋಟಸ್ ಎಲ್ಲ ಓಡುತ್ತವೆ. ಈಗಿನ ವೈರಸ್ ಕಾಟ ಇಲ್ಲ, ಅಪ್‌ಡೇಟ್ ಇಲ್ಲ, ಲಾಗಿನ್ ಇಲ್ಲ.

ಬೀದರ್ ಪೆಂಗ್ವಿನ್
ಕಾಕಾ, ಕನ್ನಡವೂ ಇಲ್ಲ.

ಡಾಸ್ ಕಾಕಾ
ಲೆಕ್ಕಪಟ್ಟಿಗೆ ಕನ್ನಡ ಯಾಕೆ, ಅಂಕಿ ತಾನೇ?

ಗಂಜ್ ಹುಡುಗ
ಇಲ್ಲ ಕಾಕಾ, ರೈತರಿಗೆ ಕೊಡೋ ಪಟ್ಟಿ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಅಂತ ಕನ್ನಡದಲ್ಲೇ ಇರಬೇಕು. ತೊಗರಿ ಸೀಸನ್‌ನಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಎಕ್ಸ್‌ಪಿಯಿಂದ ಕನ್ನಡ ಪ್ರಿಂಟ್ ಕೊಟ್ಟರೆ ಒಂದು ಪಟ್ಟಿ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಇದಕ್ಕೆ ಏನಾದರೂ ದಾರಿ ಇದೆಯಾ?

ಸೂಪರ್‌ಮಾರ್ಕೆಟ್ ಡಿಟಿಪಿ
ಇದೆ. ನಿಧಾನ ಯಾಕೆ ಅಂದರೆ, ಪ್ರಿಂಟರಿನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಇದೆ. ಇಂಗ್ಲಿಷ್ ಆದರೆ ಕಂಪ್ಯೂಟರ್ ಅಕ್ಷರದ ನಂಬರ್ ಕಳಿಸುತ್ತದೆ, ಪ್ರಿಂಟರ್ ತಾನೇ ಹೊಡೆಯುತ್ತದೆ. ಕನ್ನಡವನ್ನು ವಿಂಡೋಸ್ ಚಿತ್ರ ಮಾಡಿ ಚುಕ್ಕೆ ಚುಕ್ಕೆಯಾಗಿ ಕಳಿಸಬೇಕು. ತಲೆ ಎಷ್ಟೋ ಸಲ ಓಡಾಡುತ್ತದೆ.

ಉಪಾಯ ಸರಳ. ಪಟ್ಟಿಯ ಗೆರೆ, ಅಂಗಡಿ ಹೆಸರು, ತೂಕ, ಹಮಾಲಿ, ಕಮಿಷನ್ ಅನ್ನುವ ಕನ್ನಡ ಎಲ್ಲ ಪ್ರೆಸ್‌ನಲ್ಲಿ ಮೊದಲೇ ಅಚ್ಚು ಹಾಕಿಸಿದ ಕಂಟಿನ್ಯುಯಸ್ ಕಾಗದ ಮಾಡಿಸಿ. ಕಂಪ್ಯೂಟರಿನಿಂದ ಅಂಕಿ ಮಾತ್ರ, ಅದೂ ಪ್ರಿಂಟರಿನ ಸ್ವಂತ ಡ್ರಾಫ್ಟ್ ಅಕ್ಷರದಲ್ಲಿ. ವಿಂಡೋಸಿನಲ್ಲಿ ಜೆನೆರಿಕ್ ಟೆಕ್ಸ್ಟ್ ಓನ್ಲಿ ಅನ್ನುವ ಪ್ರಿಂಟರ್ ಡ್ರೈವರ್ ಮೊದಲಿನಿಂದಲೇ ಇದೆ, ಅದನ್ನು ಸೇರಿಸಿಕೊ. ರೈತನ ಹೆಸರನ್ನು ಪೆನ್ನಿನಲ್ಲಿ ಬರೆದರೆ ಯಾರೂ ಬೈಯಲ್ಲ. ಒಂದಿಷ್ಟು ಕಾಗದ ಹಾಳಾಗುತ್ತದೆ ಅಂಕಿ ಸರಿ ಜಾಗಕ್ಕೆ ಕೂರುವವರೆಗೆ, ಅಷ್ಟೇ.

ಯಾದಗಿರಿ ಅಕೌಂಟೆಂಟ್
ಇದು ಚಲೋ ಐಡಿಯಾ. ಕಾರ್ಬನ್ ಇಲ್ಲದ ಎರಡು ಪ್ರತಿಯ ಕಾಗದ ತಂದರೆ ಅಂಗಡಿಗೂ ಒಂದು ಪ್ರತಿ ಉಳಿಯುತ್ತೆ. ಲೇಸರ್ ಪ್ರಿಂಟರಿಗೆ ಇದು ಬರಲ್ಲ, ಸೂಜಿ ಒತ್ತಬೇಕಲ್ಲ.

ಬೀದರ್ ಪೆಂಗ್ವಿನ್
ಲಿನಕ್ಸ್‌ನಲ್ಲೂ ಇದೇ ಕೆಲಸ ಆಗುತ್ತದೆ, ಟೆಕ್ಸ್ಟ್ ಫೈಲನ್ನು ನೇರ ಪೋರ್ಟಿಗೆ ಕಳಿಸಬಹುದು. ಸುಮ್ನೆ ಎಕ್ಸ್‌ಪಿಯನ್ನು ಹೊಗಳೋದು ನಿಲ್ಲಿಸಿ.

ಸೂಪರ್‌ಮಾರ್ಕೆಟ್ ಡಿಟಿಪಿ
ಟ್ಯಾಲಿ 7.2 ಓಡಿಸಿ ತೋರಿಸಿ, ನಿಲ್ಲಿಸ್ತೀನಿ.

ಬೀದರ್ ಪೆಂಗ್ವಿನ್
ವೈನ್ ಇದೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್.

ಪಿಡಿಎ ಹಳೇ ಬ್ಯಾಚ್
512 ಎಂಬಿಯಲ್ಲಿ ವೈನ್, ಅದರ ಮೇಲೆ ಟ್ಯಾಲಿ, ಅದರ ಲೈಸೆನ್ಸ್ ತಂಟೆ. ಈ ಜಗಳ ಬೇಡ ಇಬ್ಬರಿಗೂ. ಪ್ರಶ್ನೆ ಒಂದೇ: ಈ ಕಂಪ್ಯೂಟರ್ ನೆಟ್‌ಗೆ ಹೋಗಬೇಕಾ ಬೇಡವಾ? ಹೋಗಬೇಕು ಅಂದರೆ ಲಿನಕ್ಸ್, ಬೇರೆ ಮಾತಿಲ್ಲ. ಬೇಡ ಅಂದರೆ ಎಕ್ಸ್‌ಪಿ ಇರಲಿ, ನೆಟ್ ಕೇಬಲ್ ಕಿತ್ತಿಡಿ. ಆ ಕಾಲದ ಕೆಲಸಕ್ಕೆ ಆ ಕಾಲದ ಸಾಫ್ಟ್‌ವೇರೇ ಹಗುರ.

ರಾಯಲ್ ಸೀಟ್
ನಾನು ಎಕ್ಸ್‌ಪಿಯಲ್ಲೇ ನೆಟ್ ನೋಡ್ತೀನಿ, ಬ್ಯಾಂಕೂ ಮಾಡ್ತೀನಿ. ಏನೂ ಆಗಿಲ್ಲ.

ಶಹಾಪುರ ಹುಡುಗಿ
ಬ್ಯಾಂಕಾ?! ದಯವಿಟ್ಟು ಬಿಡಿ.

ಪಿಡಿಎ ಹಳೇ ಬ್ಯಾಚ್
ಎಕ್ಸ್‌ಪಿ ಜೊತೆ ಬರುವ ಎಕ್ಸ್‌ಪ್ಲೋರರ್‌ನಲ್ಲಿ ಈಗಿನ ಬಹಳಷ್ಟು ತಾಣಗಳು ತೆರೆಯುವುದೇ ಇಲ್ಲ, ಟಿಎಲ್‌ಎಸ್ 1.2 ಅನ್ನುವ ಸುರಕ್ಷಿತ ಸಂಪರ್ಕದ ವಿಧಾನ ಇಲ್ಲ ಅದಕ್ಕೆ. ಫೈರ್‌ಫಾಕ್ಸ್ 52 ಕೊನೆಯದು, 2018ಕ್ಕೆ ಅದರ ಅಪ್‌ಡೇಟೂ ಮುಗಿಯಿತು. ಮೈಪಾಲ್, ಸೂಪರ್‌ಮಿಯಂ ಅಂತ ಹವ್ಯಾಸಿಗಳು ಮಾಡಿದ ಬ್ರೌಸರುಗಳು ಎಕ್ಸ್‌ಪಿಯಲ್ಲಿ ಓಡುತ್ತವೆ. ಬ್ರೌಸರ್ ಹೊಸದಾದರೂ ಕೆಳಗಿನ ವಿಂಡೋಸ್ ಹಳೇದೇ ಅಲ್ವಾ? ಹವಾಮಾನ ನೋಡಲು ಸರಿ, ಪಾಸ್‌ವರ್ಡ್ ಹಾಕುವ ಜಾಗ ಅಲ್ಲ. ಫೋನ್ ಯಾಕಿದೆ ಕೈಯಲ್ಲಿ?

ಶಹಾಪುರ ಹುಡುಗಿ
ಸರಿ, ಆಫ್‌ಲೈನ್ ಎಕ್ಸ್‌ಪಿ ಅಂತಲೇ ಇಟ್ಟುಕೊಂಡರೆ ನನ್ನ ಚೀಲದಿಂದ ಕೆಲವು ಹೆಸರು. ಮೊದಲು ಸರ್ವಿಸ್ ಪ್ಯಾಕ್ 3, ಅದಿಲ್ಲದೆ ಮುಂದಿನವು ಕೆಲವು ಕೂರಲ್ಲ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ 5.4, ಎಕ್ಸ್‌ಪಿಗೆ ಅದೇ ಕೊನೆ, 6ರಿಂದ ಬಿಟ್ಟರು. ಪಿಡಿಎಫ್‌ಗೆ ಸುಮಾತ್ರ 3.1.2. ಅಷ್ಟು ಹಗುರವಾದದ್ದು ಇನ್ನೊಂದಿಲ್ಲ. ಹಾಡು, ವಿಡಿಯೋಗೆ ವಿಎಲ್‌ಸಿ 3.0, ಆದರೆ ಫೋನಿನಲ್ಲಿ ತೆಗೆದ ವಿಡಿಯೋ ಹಾಕಬೇಡಿ, ಆ ಪ್ರೊಸೆಸರ್ ಅಳುತ್ತೆ. ಫೋಟೋಗೆ ಇರ್ಫಾನ್‌ವ್ಯೂ. ಜಿಪ್‌ಗೆ 7-ಜಿಪ್.

ತಮ್ಮನಿಗೆ ಟಕ್ಸ್ ಟೈಪಿಂಗ್, ಟಕ್ಸ್ ಪೇಂಟ್, ಜಿಕಾಂಪ್ರಿಸ್ ಹಳೇ ಆವೃತ್ತಿಗಳು. ಎಲ್ಲ ಉಚಿತ. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಫೋನ್ ತಿಕ್ಕಿ ಬೆಳೆದ ಮಕ್ಕಳಿಗೆ ಮೌಸ್ ಹಿಡಿಯೋಕೇ ಬರಲ್ಲ. ನೆಟ್ ಇಲ್ಲದ ಕಂಪ್ಯೂಟರ್ ಅವರಿಗೆ ಒಳ್ಳೇದೇ, ಕೂತು ಟೈಪ್ ಮಾಡ್ತಾರೆ.

ಸೇಡಂ ರೋಡ್
ಡೇವ್ ಆಟ ಹಾಕಿಕೊಡಿ ತಮ್ಮನಿಗೆ. ರೋಡ್ ರ‍್ಯಾಶ್ ಕೂಡ. ಕಂಪ್ಯೂಟರ್ ಕ್ಲಾಸ್ ಅಂದರೆ ನಮಗೆ ಅದೇ ಆಗಿತ್ತು.

ರಾಯಲ್ ಸೀಟ್
ರೋಡ್ ರ‍್ಯಾಶ್‌ನಲ್ಲಿ ಚೈನ್ ಕಿತ್ತುಕೊಂಡು ಹೊಡೆಯೋದು 😂

ಗಂಜ್ ಹುಡುಗ
ಬ್ಯಾಕಪ್ ಆಯ್ತು. ನುಡಿ ಫೈಲುಗಳು ಪೂರಾ ಬಂದಿವೆ, ಫಾಂಟ್ ಕೂಡ. ಈಗ ಕಾಕು ಅದನ್ನು ವಾಟ್ಸಾಪಿನಲ್ಲಿ ಕಳಿಸಬೇಕು ಅಂತಾರೆ. ಯುನಿಕೋಡ್ ಮಾಡಬೇಕಲ್ವಾ?

ಸೂಪರ್‌ಮಾರ್ಕೆಟ್ ಡಿಟಿಪಿ
ಹೌದು. ನುಡಿ, ಬರಹ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಪರಿವರ್ತಕ ಇದೆ. ಆದರೆ ಕಣ್ಣು ಮುಚ್ಚಿ ನಂಬಬೇಡ. ಅರ್ಕಾವತ್ತು ನೋಡು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆಯುತ್ತದೆ, ಕೆಲವು ಕಡೆ ತಪ್ಪುತ್ತದೆ. ಒತ್ತಿನ ಮೇಲೆ ಒತ್ತು ಇದ್ದಲ್ಲಿ, ದೀರ್ಘ ಇದ್ದಲ್ಲಿ ಓದಿ ನೋಡು. ನಡುವೆ ಇಂಗ್ಲಿಷ್ ಹೆಸರು ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗಿ ಬರುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡ.

ಇನ್ನೊಂದು. ಯುನಿಕೋಡ್ ಮಾಡಿದ್ದನ್ನು ಪೇಜ್‌ಮೇಕರಿಗೆ ಅಂಟಿಸಲು ಹೋಗಬೇಡ, ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ. ಪುಸ್ತಕ ಮಾಡಿಸುವ ಮನಸ್ಸು ಕಾಕುಗೆ ಬಂದರೆ ಎರಡೂ ಪ್ರತಿ ಬೇಕಾಗುತ್ತದೆ.

ಬೀದರ್ ಪೆಂಗ್ವಿನ್
ಹಂತಿ ಪದ ಅಂದ್ರಲ್ಲ, ಅದು ಎಲ್ಲಿಯದು? ನಮ್ಮ ಕಡೆ ಹಾಡೋರು ಈಗ ಕಡಿಮೆ. ರಾಶಿಗೆ ಯಂತ್ರ ಬಂದ ಮೇಲೆ ಹಂತಿ ಹೂಡೋರೇ ಇಲ್ಲ.

ಗಂಜ್ ಹುಡುಗ
ಕಾಕುನ ತವರು ಚಿಂಚೋಳಿ ಕಡೆ. ಅವರ ಅಪ್ಪ ಹಾಡ್ತಿದ್ದರಂತೆ, ಇವರು ಕೇಳಿ ಕೇಳಿ ಟೈಪ್ ಮಾಡಿದ್ದು.

ಬೀದರ್ ಪೆಂಗ್ವಿನ್
ಹಾಗಾದರೆ ಮೂರು ಕಡೆ ಬ್ಯಾಕಪ್ ಇಡಿ. ಜಗಳ ಆಮೇಲೆ ಮಾಡೋಣ.

ಡಾಸ್ ಕಾಕಾ
ಡಬ್ಬಿ ಬಿಚ್ಚಿ ಒಳಗೆ ನೋಡಿದೆಯಾ? ಗಂಜ್ ಅಂದರೆ ತೊಗರಿ ಹೊಟ್ಟು, ದೂಳು. ನಮ್ಮ ಮೇ ತಿಂಗಳ ಬಿಸಿಲು ಬೇರೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಒತ್ತಿ ಹಿಡಿ, ಸುಮ್ನೆ ತಿರುಗಲು ಬಿಡಬೇಡ. ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತದೆ, ಹೊಸದು ಹಚ್ಚು. ಪ್ರೊಸೆಸರ್ ಸುತ್ತ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡು. ಆ ಕಾಲದಲ್ಲಿ ಎಷ್ಟೋ ಬೋರ್ಡುಗಳಿಗೆ ಕೆಟ್ಟ ಕೆಪಾಸಿಟರ್ ಬಂದಿದ್ದವು. ಉಬ್ಬಿದ್ದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಹ್ಯಾಂಗ್ ಆಗುತ್ತದೆ, ನೀವು ವಿಂಡೋಸ್ ಬೈಯುತ್ತಾ ಕೂರುತ್ತೀರಿ.

ತಾರೀಖು 2002ಕ್ಕೆ ಹೋಗೋದು ಬೋರ್ಡಿನ ಸೆಲ್ ಸತ್ತಿರೋದಕ್ಕೆ. ಸಿಆರ್2032. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಯಾದಗಿರಿ ಅಕೌಂಟೆಂಟ್
ಸೆಲ್ ಮೊದಲು ಬದಲಾಯಿಸಿ, ಆಮೇಲೆ ಟ್ಯಾಲಿ ತೆರೆಯಿರಿ. ತಾರೀಖು ತಪ್ಪಿದ್ದಾಗ ಎಂಟ್ರಿ ಹಾಕಿ ತಲೆ ಕೆಡಿಸಿಕೊಂಡವರನ್ನು ಬಹಳ ಜನ ನೋಡಿದ್ದೇನೆ.

ಗಂಜ್ ಹುಡುಗ
ಹೀಗೆ ಮಾಡ್ತೀನಿ. ಎಕ್ಸ್‌ಪಿ ಹಾಗೇ ಇರಲಿ, ನೆಟ್ ಇಲ್ಲ. ಟ್ಯಾಲಿ ನೋಡಲು, ನುಡಿ, ಪಟ್ಟಿ ಪ್ರಿಂಟ್. ಇನ್ನೊಂದು ಚಿಕ್ಕ ಹಾರ್ಡ್‌ಡಿಸ್ಕ್ ಸಿಕ್ಕರೆ ಆ್ಯಂಟಿಎಕ್ಸ್ ಹಾಕಿ ತಮ್ಮನಿಗೆ ಕೊಡ್ತೀನಿ. ರ‍್ಯಾಮ್ 1 ಜಿಬಿ ಮಾಡಬಹುದಾ?

ಪಿಡಿಎ ಹಳೇ ಬ್ಯಾಚ್
ಮಾಡಬಹುದು. ಮೊದಲು ಬಿಚ್ಚಿ ನೋಡಿ, 845ರಲ್ಲಿ ಎಸ್‌ಡಿರ‍್ಯಾಮ್ ಬೋರ್ಡುಗಳೂ ಇದ್ದವು, ಡಿಡಿಆರ್ ಬೋರ್ಡುಗಳೂ ಇದ್ದವು. ಡಿಡಿಆರ್ ಆದರೆ ಮೊದಲ ತಲೆಮಾರಿನದು ಬೇಕು, ಡಿಡಿಆರ್2 ಕೂರಲ್ಲ, ಕಚ್ಚು ಬೇರೆ ಜಾಗದಲ್ಲಿ ಇರುತ್ತದೆ. ಒತ್ತಿ ಕೂರಿಸಲು ಹೋಗಬೇಡಿ.

ರಾಯಲ್ ಸೀಟ್
ನನ್ನ ಹತ್ತಿರ ಪೆಂಟಿಯಮ್ 3 ಇದೆ, 128 ಎಂಬಿ. ಅದಕ್ಕೂ ಇದೇನಾ?

ಬೀದರ್ ಪೆಂಗ್ವಿನ್
ಅದರ ಪ್ರೊಸೆಸರ್‌ನಲ್ಲಿ ಹೊಸ ಬ್ರೌಸರಿಗೆ ಬೇಕಾದ ಎಸ್‌ಎಸ್‌ಇ2 ಇಲ್ಲ. ಈಚಿನ ಫೈರ್‌ಫಾಕ್ಸ್, ಕ್ರೋಮ್ ಜಾತಿಯ ಯಾವ ಬ್ರೌಸರೂ ಓಡಲ್ಲ. ಟೈನಿ ಕೋರ್ ಅನ್ನುವ ಪುಟ್ಟ ಲಿನಕ್ಸ್ ಪ್ರಯತ್ನಿಸಿ.

ಡಾಸ್ ಕಾಕಾ
ಅದಕ್ಕೆ ವಿಂಡೋಸ್ 98 ಎರಡನೇ ಆವೃತ್ತಿ ಹಾಕು, ಇಲ್ಲಾ ಫ್ರೀಡಾಸ್. 98ಕ್ಕೆ ಪೆನ್‌ಡ್ರೈವ್ ಡ್ರೈವರ್ ಬೇರೆ ಹುಡುಕಬೇಕು. ಸೌಂಡ್ ಕಾರ್ಡ್ ಯಾವುದು ಅಂತ ಬರೆ, ಆಮೇಲೆ ಹೇಳ್ತೀನಿ.

ಗಂಜ್ ಹುಡುಗ
ನಡುವೆ ಒಂದು. ಡಾಟ್ ಮ್ಯಾಟ್ರಿಕ್ಸ್ ರಿಬ್ಬನ್ ಕಲಬುರಗಿಯಲ್ಲಿ ಎಲ್ಲಿ ಸಿಗುತ್ತೆ?

ಸೂಪರ್‌ಮಾರ್ಕೆಟ್ ಡಿಟಿಪಿ
ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳು. ಪ್ರಿಂಟರ್ ಮಾಡೆಲ್ ನಂಬರ್ ಬರೆದುಕೊಂಡು ಹೋಗು, ಹಳೇ ಕಾರ್ಟ್ರಿಡ್ಜನ್ನೂ ತಗೊಂಡು ಹೋಗು. ಪೂರ್ತಿ ಸಿಗದಿದ್ದರೆ ಒಳಗಿನ ರಿಬ್ಬನ್ ಮಾತ್ರ ತಂದು ಸುತ್ತಬಹುದು. ಕೈ ಕಪ್ಪಾಗುತ್ತೆ.